ಬೆಂಕಿಯಿಲ್ಲದೆ ಸುಡುವ ಗಾಳಿ

ಈಚೆಗೆ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ನಡುಮನೆಯಲ್ಲಿ ಹೋಮ. ಕಿಟಕಿಯ ಗಾಜುಗಳೆಲ್ಲ ಮುಚ್ಚಿದ್ದವು. ಹೊಗೆಗೆ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದವರು ಮೊಬೈಲ್‌ನಲ್ಲಿ ಬಂದ ಸಂದೇಶವೊಂದನ್ನು ತೋರಿಸಿದರು: ಹತ್ತು ಗ್ರಾಂ ತುಪ್ಪ ಸುಟ್ಟರೆ ಒಂದು ಟನ್ ಆಮ್ಲಜನಕ ಹುಟ್ಟುತ್ತದಂತೆ!

ಹೋಮ ಮಾಡುವವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಲೆಕ್ಕವನ್ನು ಕೇಳಿ ಸುಮ್ಮನಿರಲು ನನ್ನಿಂದಾಗದು. ಉರಿಯುವುದೆಂದರೆ ಆಮ್ಲಜನಕವನ್ನು ಕಬಳಿಸುವುದು. ಹತ್ತು ಗ್ರಾಂ ತುಪ್ಪ ಪೂರ್ತಿ ಉರಿಯಲು ಸುಮಾರು 28 ಗ್ರಾಂ ಆಮ್ಲಜನಕ ಬೇಕು. ಹೊರಬರುವುದು ಸುಮಾರು 27 ಗ್ರಾಂ ಇಂಗಾಲದ ಡೈಆಕ್ಸೈಡ್, 11 ಗ್ರಾಂ ನೀರಾವಿ. ಕೂಡಿಸಿ ನೋಡಿ, ಎರಡೂ ಕಡೆ 38. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ತಕ್ಕಡಿಯಲ್ಲಿ ತೂಗಿ ತೋರಿಸಿದ ಸತ್ಯ ಇದು. ಅಡುಗೆಮನೆಯ ತಕ್ಕಡಿಗೂ ಅರ್ಥವಾಗುವಂಥದ್ದು.

ಇಂಥ ಸಂದೇಶಗಳ ಭರಾಟೆಯಲ್ಲಿ ಇದಕ್ಕಿಂತ ಸಾವಿರ ಪಾಲು ಸೊಗಸಾದ ಕಥೆಯೊಂದು ಯಾರ ಕಿವಿಗೂ ಬೀಳುವುದಿಲ್ಲ ಎಂಬುದೇ ನನ್ನ ಸಂಕಟ. ಗಾಳಿಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿ ನಿಜಕ್ಕೂ ಇದೆ. ಅದರ ಹೆಸರು ಹೈಡ್ರಾಕ್ಸಿಲ್.

ನೀರಿನ ಅಣುವಿನಿಂದ ಒಂದು ಜಲಜನಕವನ್ನು ಕಿತ್ತರೆ ಉಳಿಯುವ ತುಂಡು ಅದು. ಅದರಲ್ಲಿ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಮೂರು ಕಾಲಿನ ಕುರ್ಚಿಯ ಹಾಗೆ, ನಾಲ್ಕನೆಯ ಕಾಲು ಸಿಗುವವರೆಗೂ ಅದಕ್ಕೆ ನೆಮ್ಮದಿಯಿಲ್ಲ. ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲವಾದ ಮೀಥೇನ್ ಎದುರಾದರೆ ಅದರಿಂದ ಜಲಜನಕವೊಂದನ್ನು ಕಿತ್ತುಕೊಂಡು ಮತ್ತೆ ನೀರಾಗಿಬಿಡುತ್ತದೆ. ಅಂಗ ಕಳೆದುಕೊಂಡ ಮೀಥೇನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: ಫಾರ್ಮಾಲ್ಡಿಹೈಡ್, ಇಂಗಾಲದ ಮಾನಾಕ್ಸೈಡ್, ಕೊನೆಗೆ ಇಂಗಾಲದ ಡೈಆಕ್ಸೈಡ್. ಒಲೆಯಲ್ಲಿ ಕ್ಷಣದಲ್ಲಿ ಮುಗಿಯುವ ದಹನವೇ ಇಲ್ಲಿ ಜ್ವಾಲೆಯಿಲ್ಲದೆ, ಬಿಸಿಯಿಲ್ಲದೆ, ನಿಧಾನವಾಗಿ ನಡೆಯುತ್ತದೆ. ಇಡೀ ಆಕಾಶವೇ ಒಂದು ತಣ್ಣನೆಯ ಒಲೆ.

ಹೈಡ್ರಾಕ್ಸಿಲ್‌ನ ಆಯುಷ್ಯ ಹೆಚ್ಚೆಂದರೆ ಒಂದು ಸೆಕೆಂಡಿನ ಆಸುಪಾಸು. ಹಾವು-ಏಣಿ ಆಟದ ದಾಳದಷ್ಟು ಗಾಳಿಯಲ್ಲಿ ಸರಾಸರಿ ಹತ್ತು ಲಕ್ಷದಷ್ಟಿರುತ್ತದೆ. ಹೆಚ್ಚೆನಿಸಿತೇ? ಗಾಳಿಯ ಸುಮಾರು 25 ಲಕ್ಷ ಕೋಟಿ ಅಣುಗಳಿಗೆ ಒಂದೇ ಒಂದು! ಕೆರೆಗೆ ಚಿಟಿಕೆ ಉಪ್ಪು ಹಾಕಿದಂತೆ ಎನ್ನಲೂ ಆಗದು, ಅದಕ್ಕಿಂತ ಎಷ್ಟೋ ವಿರಳ. ಇಷ್ಟು ಅಲ್ಪವಾದದ್ದು ಇಲ್ಲದಿದ್ದರೆ ಮೀಥೇನ್ ಸರಾಸರಿ ಸುಮಾರು ಹತ್ತು ವರ್ಷದಲ್ಲಿ ಕರಗುವ ಬದಲು ಆಕಾಶದಲ್ಲಿ ಕೂಡಿಕೊಳ್ಳುತ್ತಲೇ ಹೋಗುತ್ತಿತ್ತು.

ಬಹುಕಾಲ ಇದು ಯಾರಿಗೂ ಹೊಳೆದಿರಲಿಲ್ಲ. 1960ರ ದಶಕದಲ್ಲಿ ಕಾರುಗಳು ಉಗುಳಿದ ಮಾನಾಕ್ಸೈಡ್ ಎಲ್ಲಿ ಹೋಗುತ್ತದೆಂಬುದೇ ಒಗಟಾಗಿತ್ತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ವಿಕಿರಣಶೀಲ ಇಂಗಾಲ ಗಾಳಿಯಲ್ಲಿ ಮೊದಲು ಮಾನಾಕ್ಸೈಡ್ ಆಗುತ್ತದೆ. ಅದನ್ನೇ ಗುರುತಿನ ಚೀಟಿಯಾಗಿಟ್ಟುಕೊಂಡು ವಿಜ್ಞಾನಿ ಬರ್ನಾರ್ಡ್ ವೈನ್‌ಸ್ಟಾಕ್ 1969ರಲ್ಲಿ ಲೆಕ್ಕ ಹಾಕಿದರು. ಈ ಅನಿಲ ವರ್ಷಗಟ್ಟಲೆ ಅಲ್ಲ, ಸುಮಾರು ಒಂದು ತಿಂಗಳಲ್ಲೇ ಮಾಯವಾಗುತ್ತಿತ್ತು. ಅದನ್ನು ತಿನ್ನುವುದು ಹೈಡ್ರಾಕ್ಸಿಲ್; ಅದು ಹುಟ್ಟುವ ದಾರಿಯನ್ನು 1971ರಲ್ಲಿ ಇನ್ನೊಬ್ಬ ವಿಜ್ಞಾನಿ ಹೈರಮ್ ಲೀವಿ ತೋರಿಸಿದರು. ನೆಲದ ಬಳಿಯ ಅಲ್ಪಸ್ವಲ್ಪ ಓಝೋನನ್ನು (ಮೂರು ಆಮ್ಲಜನಕ ಪರಮಾಣುಗಳ ಅಣು) ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ. ಸಿಡಿದು ಬಂದ ಹುರುಪಿನ ಆಮ್ಲಜನಕ ಪರಮಾಣು ನೀರಾವಿಗೆ ಬಡಿದರೆ ಎರಡು ಹೈಡ್ರಾಕ್ಸಿಲ್‌ಗಳು. ಅಂದರೆ ಬೇಕಾದದ್ದು ಸುಡುಬಿಸಿಲು, ಸೆಕೆ, ಒಂದಿಷ್ಟು ಓಝೋನ್. ಹಾಗಾಗಿ ಜಗತ್ತಿನ ಮೀಥೇನಿನ ಬಹುಪಾಲು ಕರಗುವುದು ಉಷ್ಣವಲಯದಲ್ಲಿ. ಮಂಗಳೂರಿನ ಜನ ಶಪಿಸುವ ಮಧ್ಯಾಹ್ನದ ಅಂಟಂಟು ಸೆಕೆಯಲ್ಲೂ ಆ ಕೆಲಸ ನಡೆದಿರುತ್ತದೆ.

ಕ್ಷಣಾರ್ಧದಲ್ಲಿ ಸಾಯುವುದನ್ನು ಭೂಮಿಯಗಲಕ್ಕೂ ಎಣಿಸುವುದು ಹೇಗೆ? ಇಲ್ಲಿ ನೆರವಾದದ್ದು ಮೀಥೈಲ್ ಕ್ಲೋರೋಫಾರ್ಮ್, ಲೋಹದ ಜಿಡ್ಡು ತೆಗೆಯಲು, ಹಳೆಯ ಕಾಲದ ವೈಟ್ನರ್ ಬಾಟಲಿಯಲ್ಲಿ ಬಳಸುತ್ತಿದ್ದ ದ್ರಾವಕ. ಕಾರ್ಖಾನೆಗಳು ಎಷ್ಟು ತಯಾರಿಸಿದವೆಂಬ ಲೆಕ್ಕವಿತ್ತು, ಗಾಳಿಯಲ್ಲಿ ಎಷ್ಟು ಉಳಿದಿದೆಯೆಂದು ಅಳೆಯಬಹುದಿತ್ತು. ಕಳೆದರೆ ಹೈಡ್ರಾಕ್ಸಿಲ್ ತಿಂದದ್ದೆಷ್ಟೆಂದು ತಿಳಿಯುತ್ತದೆ. ಓಝೋನ್ ಪದರಕ್ಕೆ ಹಾನಿಯೆಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಅದರ ತಯಾರಿಕೆ ನಿಂತ ಮೇಲಂತೂ ಲೆಕ್ಕ ಇನ್ನೂ ಸಲೀಸಾಯಿತು: ತುಂಬುವ ನಲ್ಲಿ ಬಂದ್ ಆಗಿದೆ, ತೊಟ್ಟಿ ಎಷ್ಟು ಬೇಗ ಬರಿದಾಗುತ್ತದೆಂದು ನೋಡುತ್ತ ಕುಳಿತರಾಯಿತು.

ಮಸಿಯ ಕಣಗಳ ಮುಂದೆ ಮಾತ್ರ ಹೈಡ್ರಾಕ್ಸಿಲ್‌ನ ಆಟ ಹೆಚ್ಚು ನಡೆಯದು. ಅವನ್ನು ಇಳಿಸಲು ಮಳೆಯೇ ಬರಬೇಕು. ಕತ್ತಲಾದರೆ ಹೈಡ್ರಾಕ್ಸಿಲ್‌ನ ಹುಟ್ಟೂ ಬಹುಪಾಲು ನಿಲ್ಲುತ್ತದೆ. ಓಝೋನನ್ನು ಒಡೆಯಬಲ್ಲ ಆ ಅತಿನೇರಳೆ ಕಿರಣವನ್ನು ಕಿಟಕಿಯ ಗಾಜು ಒಳಬಿಡುವುದೂ ಇಲ್ಲ. ಗೃಹಪ್ರವೇಶದ ದಿನ ನಾನು ಇದನ್ನೆಲ್ಲ ಹೇಳಲು ಹೋಗಲಿಲ್ಲ. ಎದ್ದು ಹೋಗಿ ಎರಡು ಕಿಟಕಿ ತೆರೆದೆ. ಹೊಗೆ ನಡುಮನೆ ದಾಟಿ ಹನ್ನೊಂದು ಗಂಟೆಯ ಬಿಸಿಲಿಗೆ ಇಳಿಯಿತು.