ರಾತ್ರಿ 9 ಗಂಟೆ 57 ನಿಮಿಷದ ಹಾಡು

1941ರ ಏಪ್ರಿಲ್‌ನಲ್ಲಿ ಜರ್ಮನಿಯ ಸೇನೆ ಯುಗೋಸ್ಲಾವಿಯಾಕ್ಕೆ ನುಗ್ಗಿತು. ರಾಜಧಾನಿ ಬೆಲ್‌ಗ್ರೇಡ್‌ನ ರೇಡಿಯೋ ನಿಲಯವೂ ಅದರ ಕೈಸೇರಿತು. ಅಲ್ಲಿಂದಲೇ ತಮ್ಮ ಸೈನಿಕರಿಗಾಗಿ ಪ್ರಸಾರ ಶುರು ಮಾಡಿದರು. ಆದರೆ ಹಾಕಲು ಪ್ಲೇಟುಗಳೇ ಸಾಲದು. ವಿಯೆನ್ನಾದಿಂದ ಒಂದಷ್ಟು ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ತರಿಸಿದರು. ಆ ರಾಶಿಯಲ್ಲಿ, ಯಾರೂ ಕೊಳ್ಳದೆ ಮೂಲೆ ಸೇರಿದ್ದ ಒಂದು ಹಾಡಿತ್ತು. ಶುರುವಿನಲ್ಲೇ ಸೇನಾ ಶಿಬಿರದಲ್ಲಿ ಮಲಗುವ ಹೊತ್ತಿಗೆ ಊದುವ ಕಹಳೆ ಕೇಳಿಸುತ್ತಿತ್ತು. ದಿನದ ಕೊನೆಗೆ ಸರಿಹೋಗುತ್ತದೆ ಎಂದು ಅದನ್ನು ಹಾಕತೊಡಗಿದರು. ಆ ಹಾಡೇ 'ಲಿಲಿ ಮರ್ಲೀನ್'.

ಹಾಡು ಹುಟ್ಟಿದ್ದು ಅದಕ್ಕೂ ಹಿಂದಿನ ಮಹಾಯುದ್ಧದಲ್ಲಿ. 1915ರಲ್ಲಿ ಹಾನ್ಸ್ ಲೈಪ್ ಎಂಬ ಹ್ಯಾಂಬರ್ಗ್‌ನ ಹುಡುಗ ಬರ್ಲಿನ್‌ನಲ್ಲಿ ಸೈನಿಕನಾಗಿದ್ದ. ರಷ್ಯಾ ಗಡಿಗೆ ಹೊರಡುವ ಮುಂಚೆ ಪಹರೆಯ ಹೊತ್ತಿನಲ್ಲಿ ಬರೆದ ಪದ್ಯ ಇದು. ಲಿಲಿ ಒಬ್ಬಳು, ಮರ್ಲೀನ್ ಇನ್ನೊಬ್ಬಳು. ಇಬ್ಬರ ಹೆಸರನ್ನೂ ಕೂಡಿಸಿ ಒಬ್ಬಳನ್ನು ಮಾಡಿದ. ಪದ್ಯದಲ್ಲಿ ಇರುವುದು ಇಷ್ಟೇ: ಬ್ಯಾರಕ್ ಗೇಟಿನ ಮುಂದೆ ಒಂದು ದೀಪದ ಕಂಬ, ಅದರ ಕೆಳಗೆ ಕಾಯುವ ಹುಡುಗಿ, ಒಳಗೆ ಹೋಗಲೇಬೇಕಾದ ಸಿಪಾಯಿ. ತಾನು ಹಿಂದಿರುಗದಿದ್ದರೆ ಆ ದೀಪದ ಕೆಳಗೆ ಅವಳ ಜೊತೆ ಯಾರು ನಿಲ್ಲುತ್ತಾರೆ ಎಂಬ ಸಂಕಟ. ಗೆಲುವಿನ ಮಾತಿಲ್ಲ, ಶತ್ರುವಿನ ಸುದ್ದಿಯಿಲ್ಲ.

1938ರಲ್ಲಿ ನಾರ್ಬರ್ಟ್ ಶುಲ್ಟ್ಸೆ ಇದಕ್ಕೆ ರಾಗ ಹಾಕಿದರು. ಮರುವರ್ಷ ಲಾಲೆ ಆಂಡರ್ಸನ್ ಹಾಡಿದರು. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ. ಬೆಲ್‌ಗ್ರೇಡ್‌ನಿಂದ ಪ್ರಸಾರವಾದ ಮೇಲೆ ಕಥೆಯೇ ಬದಲಾಯಿತು. ನಡುವೆ ಒಮ್ಮೆ ನಿಲ್ಲಿಸಿದಾಗ ಎಲ್ಲೆಡೆಯಿಂದ ಸೈನಿಕರ ಪತ್ರಗಳು ಬಂದು ಬಿದ್ದವು: ಆ ಹಾಡು ಎಲ್ಲಿ? ಕೊನೆಗೆ ದಿನಾ ರಾತ್ರಿ 9 ಗಂಟೆ 57 ನಿಮಿಷಕ್ಕೆ ಅದನ್ನು ಹಾಕುವುದು ಕಾಯಂ ಆಯಿತು.

ಬೆಲ್‌ಗ್ರೇಡ್ ನಿಲಯದ ಶಕ್ತಿ ಜಾಸ್ತಿ. ಅದು ಉತ್ತರ ಆಫ್ರಿಕಾದ ಮರುಭೂಮಿಗೂ ಕೇಳುತ್ತಿತ್ತು. ಅಲ್ಲಿ ಒಂದು ಕಡೆ ಜರ್ಮನ್ ಸೇನಾಪತಿ ರೊಮೆಲ್‌ನ ಸೈನ್ಯ, ಇನ್ನೊಂದು ಕಡೆ ಬ್ರಿಟಿಷರ ಎಂಟನೇ ಸೇನೆ. ರೇಡಿಯೋ ಅಲೆಗೆ ಗಡಿ ಎಲ್ಲಿಯದು? ಬ್ರಿಟಿಷ್ ಹುಡುಗರೂ ಅದನ್ನೇ ಕೇಳಿದರು, ಭಾಷೆ ಬರದಿದ್ದರೂ ಗುನುಗಿದರು. ಆ ಎಂಟನೇ ಸೇನೆಯಲ್ಲಿ ನಮ್ಮ ನಾಲ್ಕನೇ ಭಾರತೀಯ ಡಿವಿಷನ್ ಕೂಡ ಹೋರಾಡಿತ್ತು. ಶತ್ರುವಿನ ಹಾಡು ಹಾಡಿಕೊಂಡು ತಿರುಗುವುದು ಬ್ರಿಟಿಷ್ ಅಧಿಕಾರಿಗಳಿಗೆ ಹಿಡಿಸಲಿಲ್ಲ. 1944ರಲ್ಲಿ ಅದಕ್ಕೊಂದು ಇಂಗ್ಲಿಷ್ ಸಾಹಿತ್ಯ ಬರೆಸಿದರು.

ಒಂದು ಮಾತು ಇಲ್ಲೇ ಹೇಳಬೇಕು. ಈ ಮಧುರ ಹಾಡು ಹೊರಟ ಊರಿನಲ್ಲೇ, 1941ರ ಕೊನೆಯಲ್ಲಿ, ನಾಜಿಗಳು ಸಾಯ್‌ಮಿಶ್ಟೆ ಎಂಬ ಶಿಬಿರ ತೆರೆದು ಯಹೂದಿ ಹೆಂಗಸರು ಮಕ್ಕಳನ್ನು ಕೂಡಿಹಾಕಿದರು. ಮುಂದೆ ಅವರನ್ನೆಲ್ಲ ಕೊಂದರು. ಹಾಡಿನ ಕಥೆ ಹೇಳುವಾಗ ಇದನ್ನು ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ. ಸೈನಿಕರಿಗೆ ಬೇಕಾದದ್ದು ಕವಾಯತಿನ ಹಾಡು, ಕಣ್ಣೀರಿನ ಹಾಡಲ್ಲ ಎಂಬುದು ಅವನ ಲೆಕ್ಕ. 1942ರಲ್ಲಿ ಲಾಲೆ ಆಂಡರ್ಸನ್ ಸ್ವಿಟ್ಜರ್ಲೆಂಡಿನ ಯಹೂದಿ ಗೆಳೆಯರ ಜೊತೆ ಸಂಪರ್ಕದಲ್ಲಿದ್ದಾರೆಂದು ಗೊತ್ತಾಗಿ ಅವರ ಹಾಡುಗಾರಿಕೆಗೇ ನಿಷೇಧ ಬಿತ್ತು. ಆಕೆ ಆತ್ಮಹತ್ಯೆಗೂ ಯತ್ನಿಸಿದರು. ಅಷ್ಟರಲ್ಲಿ ಬಿಬಿಸಿ, ಆಕೆಯನ್ನು ಸೆರೆಶಿಬಿರಕ್ಕೆ ಕಳಿಸಿದ್ದಾರೆ ಎಂದು ಸುದ್ದಿ ಹೇಳಿತು. ಅದು ಸುಳ್ಳೆಂದು ತೋರಿಸಲು ನಾಜಿಗಳು ಆಕೆಯನ್ನು ಮತ್ತೆ ವೇದಿಕೆಗೆ ಬಿಟ್ಟರು. ಷರತ್ತು ಒಂದೇ: 'ಲಿಲಿ ಮರ್ಲೀನ್' ಹಾಡಬಾರದು.

ಇದು ಸರ್ವಾಧಿಕಾರಿಗಳ ಬುದ್ಧಿ ಮಾತ್ರ ಅಂದುಕೊಳ್ಳಬೇಡಿ. ಲಂಡನ್‌ನಲ್ಲೂ ಅದೇ ಭಯವಿತ್ತು. 1941ರ ನವೆಂಬರ್‌ನಲ್ಲಿ ಬಿಬಿಸಿಯಲ್ಲಿ ವೆರಾ ಲಿನ್ ಎಂಬ ಗಾಯಕಿಯ ಕಾರ್ಯಕ್ರಮ ಶುರುವಾಯಿತು. ಭಾನುವಾರ ರಾತ್ರಿ, ಒಂಬತ್ತರ ವಾರ್ತೆ ಮುಗಿದ ಮೇಲೆ. ದೂರದಲ್ಲಿರುವ ಸೈನಿಕರಿಗೆ ಬರೆದ ಪತ್ರದಂತೆ ಅದನ್ನು ರೂಪಿಸಿದ್ದರು. ಮನೆಯ ಸುದ್ದಿ, ನಡುನಡುವೆ ಹಾಡು. ಜನ ಹುಚ್ಚೆದ್ದು ಕೇಳಿದರು. ಆದರೆ 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬ್ರಿಟಿಷರ ಕೈತಪ್ಪಿ ಜಪಾನೀಯರ ಪಾಲಾದಾಗ, ಇಂಥ ಅಳುಮುಂಜಿ ಹಾಡುಗಳೇ ನಮ್ಮ ಹುಡುಗರನ್ನು ಮೆತ್ತಗೆ ಮಾಡುತ್ತಿವೆ ಎಂದು ದೊಡ್ಡವರು ದೂರಿದರು. ಕಾರ್ಯಕ್ರಮ ನಿಂತಿತು. ಅದೇ ವರ್ಷ ಅತಿ ಭಾವುಕವಾದ ಹಾಡುಗಾರಿಕೆಗೆ ಬಿಬಿಸಿ ಕತ್ತರಿ ಹಾಕಿತು. ಒಬ್ಬರನ್ನೊಬ್ಬರು ಕೊಲ್ಲಲು ನಿಂತ ಎರಡು ಸರ್ಕಾರಗಳಿಗೂ ಮನೆ ನೆನಪಿಸುವ ಹೆಣ್ಣುದನಿ ಕಂಡರೆ ಒಂದೇ ಭಯ. ನನ್ನನ್ನು ಜಾಸ್ತಿ ಕಾಡುವುದು ಇದೇ.

ಸೈನಿಕರನ್ನು ರಂಜಿಸಲು ದೊಡ್ಡ ವ್ಯವಸ್ಥೆಯೇ ಇತ್ತು ಅನ್ನಿ. ಬ್ರಿಟನ್ 1939ರಲ್ಲಿ ಎನ್ಸಾ ಸಂಸ್ಥೆ ಕಟ್ಟಿತು, ಅಮೆರಿಕ 1941ರಲ್ಲಿ ಯುಎಸ್ಒ ಶುರು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸೇನಾ ನೆಲೆಯೊಂದರಲ್ಲಿ ಮೊದಲ ಬಾರಿ ಸೈನಿಕರ ಮುಂದೆ ನಿಂತ ಹಾಸ್ಯನಟ ಬಾಬ್ ಹೋಪ್, ಸುಮಾರು 50 ವರ್ಷ, ಕೊಲ್ಲಿ ಯುದ್ಧದವರೆಗೂ ಹೋಗುತ್ತಲೇ ಇದ್ದರು. 1943ರಿಂದ ಅಮೆರಿಕದ ಸೇನೆ ಸೈನಿಕರಿಗೆಂದೇ 'ವಿ-ಡಿಸ್ಕ್' ಎಂಬ ಪ್ಲೇಟುಗಳನ್ನು ಕಳಿಸಿತು. ಆಗಿನ ಗ್ರಾಮಫೋನ್ ಪ್ಲೇಟು ತಯಾರಾಗುತ್ತಿದ್ದುದು ಅರಗಿನಿಂದ. ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ. ಯುದ್ಧದಲ್ಲಿ ಅದರ ಸರಬರಾಜು ಕಷ್ಟವಾಯಿತು, ಸಾಗಿಸುವಾಗ ಪ್ಲೇಟು ಒಡೆಯುವುದೂ ಜಾಸ್ತಿ. ಹಾಗಾಗಿ ವಿ-ಡಿಸ್ಕ್‌ಗಳನ್ನು ಪ್ಲಾಸ್ಟಿಕ್ಕಿನ ಜಾತಿಯ ವಿನೈಲ್‌ನಿಂದ ಮಾಡಿದರು.

ವೆರಾ ಲಿನ್ ಸುಮ್ಮನೆ ಕೂರಲಿಲ್ಲ. 1944ರಲ್ಲಿ ಯಾವ ತಾರೆಯೂ ಹೋಗದ ಕಡೆಗೆ ಹೊರಟರು: ಬರ್ಮಾ ಗಡಿಗೆ. ಅಲ್ಲಿದ್ದ ಹದಿನಾಲ್ಕನೇ ಸೇನೆಯನ್ನು ಜನ 'ಮರೆತುಹೋದ ಸೇನೆ' ಎನ್ನುತ್ತಿದ್ದರು. ಅದರ ಬಹುಪಾಲು ಸೈನಿಕರು ಭಾರತೀಯರು. ವೆರಾ ಬಂಗಾಳದ ದಾರಿ ಹಿಡಿದು ಅರಕಾನ್ ಕಾಡಿನವರೆಗೆ ಹೋದರು. ಜೊತೆಗೆ ಒಬ್ಬ ಪಿಯಾನೋ ವಾದಕ, ಲಾರಿ ಮೇಲೊಂದು ಚಿಕ್ಕ ಪಿಯಾನೋ. ಸೆಕೆಗೆ, ತೇವಕ್ಕೆ, ಕುಲುಕಾಟಕ್ಕೆ ಅದರ ಶ್ರುತಿ ಕೆಟ್ಟಿತ್ತು. ಆಸ್ಪತ್ರೆಗಳಲ್ಲಿ ಗಾಯಾಳುಗಳ ಪಕ್ಕ ಕೂತು ಮಾತಾಡಿದರು. ಸೈನಿಕರು ಕೇಳಿದ್ದು 1939ರ ಅವರ ಹಳೆಯ ಹಾಡನ್ನೇ, ಮತ್ತೆ ಸೇರೋಣ ಅನ್ನುವ ಹಾಡನ್ನು. 2020ರಲ್ಲಿ ಕೋವಿಡ್ ಬಂದಾಗ ಬ್ರಿಟನ್ನಿನ ರಾಣಿ ದೇಶಕ್ಕೆ ಧೈರ್ಯ ಹೇಳುವಾಗ ನೆನೆದದ್ದೂ ಆ ಸಾಲನ್ನೇ. ಅದೇ ವರ್ಷ ಜೂನ್‌ನಲ್ಲಿ ವೆರಾ ತೀರಿಕೊಂಡರು. ಆಗ ಅವರಿಗೆ 103.

ಭಾರತೀಯ ಸೈನಿಕರಿಗೂ 'ಫೌಜಿ ದಿಲ್‌ಖುಷ್ ಸಭಾ' ಎಂಬ ತಂಡಗಳಿದ್ದವು. ಆದರೆ ಆ ಸೈನಿಕರು ಏನನ್ನು ಗುನುಗುತ್ತಿದ್ದರು ಎಂಬುದನ್ನು ಇಂಗ್ಲಿಷ್ ಹಾಡುಗಳಷ್ಟು ಅಕ್ಕರೆಯಿಂದ ಯಾರೂ ಬರೆದಿಡಲಿಲ್ಲ. ಅದು ನೋವಿನ ಸಂಗತಿ, ಅಲ್ವಾ?

ಸ್ವಾತಂತ್ರ್ಯದ ನಂತರದ ಕಥೆ ನಮಗೆಲ್ಲ ಗೊತ್ತಿರುವುದೇ. ಚೀನಾ ಯುದ್ಧ ಮುಗಿದ ಮೇಲೆ, 1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಮಂಗೇಶ್ಕರ್ 'ಏ ಮೇರೆ ವತನ್ ಕೆ ಲೋಗೋ' ಹಾಡಿದರು. ಪ್ರದೀಪ್ ಬರೆದದ್ದು, ಸಿ. ರಾಮಚಂದ್ರ ರಾಗ. ಅದೂ ಗೆಲುವಿನ ಹಾಡಲ್ಲ, ಮನೆಗೆ ವಾಪಸ್ ಬಾರದವರ ಹಾಡು. ಸುನಿಲ್ ದತ್ ಮತ್ತು ನರ್ಗಿಸ್ ಕಲಾವಿದರ ತಂಡ ಕಟ್ಟಿಕೊಂಡು ಗಡಿಯ ಠಾಣೆಗಳಿಗೆ ಹೋದರು.

ಬೆಲ್‌ಗ್ರೇಡ್‌ನ ಆ ಮೂರು ನಿಮಿಷಕ್ಕೆ ನಮ್ಮಲ್ಲಿ ಹತ್ತಿರವಾದದ್ದು ಎಂದರೆ ವಿವಿಧ ಭಾರತಿಯ 'ಜಯಮಾಲಾ'. ಸೈನಿಕರು ಪತ್ರ ಬರೆದು ಹಾಡು ಕೇಳುತ್ತಿದ್ದರು, ಅವರ ಹೆಸರು ಓದಿ ಹಾಡು ಹಾಕುತ್ತಿದ್ದರು. ಕೇಳುತ್ತಿದ್ದುದು ಹೆಚ್ಚಾಗಿ ಸಿನಿಮಾದ ಪ್ರೇಮಗೀತೆಗಳನ್ನೇ. ಕೊಡಗಿನಲ್ಲಿ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ, ಮಗನನ್ನು ಫೌಜಿಗೆ ಕಳಿಸಿದ ಮನೆಗಳಲ್ಲೂ ಸಂಜೆ ಏಳರ ಮೇಲೆ ಅದೇ ರೇಡಿಯೋ ಹಚ್ಚಿರುತ್ತಿತ್ತು. ಹಿಂದಿ ಬಾರದ ಅಮ್ಮನಿಗೂ ಹಾಡಿಗಿಂತ ಮುಂಚೆ ಓದುವ ಹೆಸರುಗಳು ಅರ್ಥವಾಗುತ್ತಿದ್ದವು.