ಹಲ್ಲುಜ್ಜುವ ರೋಗಿ, ಐದು ಕ್ಷಿಪಣಿ

ಐಸಿಯುಗೆ ಹೊಸದಾಗಿ ಬಂದ ಡಾಕ್ಟರನ್ನು ಗುರುತಿಸುವುದು ಸುಲಭ. ಅಲಾರಂ ಕೂಗಿದರೆ ಅವರ ಕಣ್ಣು ಮಾನಿಟರಿಗೆ ಹೋಗುತ್ತದೆ, ಪಳಗಿದ ಸಿಸ್ಟರ್ ಕಣ್ಣು ರೋಗಿಯ ಮುಖಕ್ಕೆ.

ಒಂದು ಬೆಳಿಗ್ಗೆ ಇಸಿಜಿ ಗೆರೆ ಜೀವ ತೆಗೆಯುವ ಹೃದಯಬಡಿತದ ಹಾಗೆ ಕುಣಿಯತೊಡಗಿತು. ಜೂನಿಯರ್ ಓಡಿದರು, ಹಿಂದೆಯೇ ನಾನು. ಹೋಗಿ ನೋಡಿದರೆ ರೋಗಿ ಕೂತು ಹಲ್ಲುಜ್ಜುತ್ತಿದ್ದಾರೆ! ಬ್ರಶ್ ಹಿಡಿದ ಕೈಯ ಅಲುಗಾಟವನ್ನು ಯಂತ್ರ ಎದೆಯ ಬಡಿತವೆಂದು ಓದಿತ್ತು. ಪಾಪ, ನಮ್ಮ ಮುಖ ನೋಡಿ ಅವರೇ ಹೆದರಿದರು. ಅದೇ ಪರದೆಯ ಕೆಳಗೆ, ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರಿನ ಅಲೆ ನಿಮಿಷಕ್ಕೆ ಎಂಬತ್ತರಂತೆ ತನ್ನ ಪಾಡಿಗೆ ಸಾಗುತ್ತಿತ್ತು. ಎರಡನೇ ಸಾಕ್ಷಿ ಅಲ್ಲೇ ಇತ್ತು, ನಾವು ಕೇಳಿರಲಿಲ್ಲ.

ಇದನ್ನು ಕಲಿಸುವಾಗ ನಾನು ಸೋವಿಯತ್ ಸೇನಾಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಸಂಗತಿ ಹೇಳುತ್ತೇನೆ. 1983ರ ಸೆಪ್ಟೆಂಬರ್ 26, ಆಗಷ್ಟೇ ನಡುರಾತ್ರಿ ಕಳೆದಿತ್ತು. ಮಾಸ್ಕೋದ ದಕ್ಷಿಣಕ್ಕಿರುವ ಸೆರ್ಪುಖೋವ್-15 ನೆಲೆಯಲ್ಲಿ ಈ ಲೆಫ್ಟಿನೆಂಟ್ ಕರ್ನಲ್ ಡ್ಯೂಟಿಯಲ್ಲಿದ್ದರು. ಅಮೆರಿಕದಿಂದ ಅಣ್ವಸ್ತ್ರ ಕ್ಷಿಪಣಿ ಹೊರಟಿದೆ ಎಂದು 'ಓಕೋ' ಉಪಗ್ರಹ ವ್ಯವಸ್ಥೆ ಸೈರನ್ ಹಾಕಿತು. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ಕಾಲವೂ ಕೆಟ್ಟದಾಗಿತ್ತು. ಮೂರೂವರೆ ವಾರದ ಹಿಂದಷ್ಟೇ ಸೋವಿಯತ್ ಯುದ್ಧವಿಮಾನ ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು.

ಯುದ್ಧ ಶುರುಮಾಡುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ? ನೆಲದ ರಾಡಾರಿನಲ್ಲಿ ಏನೂ ಕಾಣುತ್ತಿಲ್ಲ. ಯಂತ್ರವೂ ಹೊಸದು. ಪೆಟ್ರೋವ್ ಫೋನೆತ್ತಿ ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ತಿಳಿಸಿ, ಕಾದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲಿನ ಹೊಳಪು ಉಪಗ್ರಹವನ್ನು ಏಮಾರಿಸಿತ್ತೆಂದು ಆಮೇಲೆ ಗೊತ್ತಾಯಿತು. ಆ ಹೊತ್ತಿನಲ್ಲಿ ತಮಗೆ ಅರ್ಧಕ್ಕರ್ಧ ಮಾತ್ರ ನಂಬಿಕೆಯಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಸಿಕ್ಕ ಬಹುಮಾನ? ಲಾಗ್‌ಬುಕ್ ಯಾಕೆ ತುಂಬಿಲ್ಲ ಎಂಬ ತರಾಟೆ. (ಕೇಸ್‌ಶೀಟ್ ಬರೆಯುವ ನಮ್ಮ ಜೂನಿಯರ್‌ಗಳು ಇಲ್ಲಿ ಜೋರಾಗಿ ನಗುತ್ತಾರೆ.)

ಭಯವಿಲ್ಲದ್ದರಿಂದ ಯಂತ್ರದ ತೀರ್ಮಾನವೇ ಮೇಲು ಎನ್ನುವವರು ಈಗ ಹೆಚ್ಚು. ನಾನು ಒಪ್ಪಲಾರೆ. ತಪ್ಪಾದರೆ ಏನು ಗತಿ ಎಂಬ ಅಳುಕು ಇದ್ದವನೇ ಎರಡನೇ ಸಾಕ್ಷಿ ಹುಡುಕುವುದು. ಹಾಗಂತ ಮನುಷ್ಯನನ್ನು ಹೊಗಳಿ ಕೂರುವಂತೆಯೂ ಇಲ್ಲ. ದಿನವಿಡೀ ಸುಳ್ಳು ಕೂಗು ಕೇಳಿ ಕಿವಿ ಮರಗಟ್ಟುತ್ತದೆ. ಒಂದು ನೈಟ್ ಡ್ಯೂಟಿಯಲ್ಲಿ, ಬೆರಳಿನ ಕ್ಲಿಪ್ ಜಾರಿರಬೇಕು ಎಂದುಕೊಂಡು ನಾನೂ ಆಕ್ಸಿಜನ್ ಅಲಾರಂ ಮ್ಯೂಟ್ ಮಾಡಿದ್ದೆ. ಕ್ಲಿಪ್ ಸರಿಯಾಗಿಯೇ ಇತ್ತು, ಕಳಚಿದ್ದು ವೆಂಟಿಲೇಟರ್ ಟ್ಯೂಬು. ಸಿಸ್ಟರ್ ನೋಡಿದ್ದರಿಂದ ರೋಗಿ ಉಳಿದರು.

ಅಣ್ವಸ್ತ್ರ ಬಳಸುವ ತೀರ್ಮಾನ ಎಐ ಕೈಗೆ ಹೋಗದೆ ಮನುಷ್ಯರ ಹಿಡಿತದಲ್ಲೇ ಇರಬೇಕೆಂದು 2024ರ ನವೆಂಬರಿನಲ್ಲಿ ಪೆರುವಿನ ಲಿಮಾದಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಮತ್ತು ಚೀನಾದ ಷಿ ಜಿನ್‌ಪಿಂಗ್ ಒಪ್ಪಿದರು. ಒಳ್ಳೆಯದೇ. ಆದರೆ ಖಂಡಾಂತರ ಕ್ಷಿಪಣಿ ಅರ್ಧ ಗಂಟೆಯಲ್ಲಿ ಬಂದು ಬೀಳುತ್ತದೆ. ಅದರಲ್ಲಿ ರಾಡಾರಿನವನನ್ನು ಕೇಳಿ, ಮತ್ತೊಮ್ಮೆ ನೋಡಿ, ಅಳುಕಲು ಆ ಕುರ್ಚಿಯಲ್ಲಿ ಕೂತವನಿಗೆ ಎಷ್ಟು ನಿಮಿಷ ಬಿಡುತ್ತಾರೆ ಎಂದು ಜೂನಿಯರ್ ಒಬ್ಬಳು ಕೇಳಿದಳು. ಅಷ್ಟರಲ್ಲಿ ನಾಲ್ಕನೇ ಬೆಡ್ಡಿನ ಮಾನಿಟರ್ ಕೂಗಿತು. ಅವಳು ಮೊದಲು ರೋಗಿಯ ಮುಖ ನೋಡಿದಳು.