ಲಾಠಿ ಏಟಿನ ಗುರುತು ಏನು ಹೇಳುತ್ತದೆ?

ನ್ಯಾಯವೈದ್ಯಶಾಸ್ತ್ರದ ವೃತ್ತಿಯಲ್ಲಿರುವ ನನಗೆ ಲಾಠಿ ಏಟಿನ ಗುರುತು ಬಹಳ ಪರಿಚಿತ. ಚರ್ಮದ ಮೇಲೆ ರೈಲು ಹಳಿಗಳಂತೆ ಎರಡು ಕೆಂಪು ಗೆರೆಗಳು ಸಮಾನಾಂತರವಾಗಿ ಮೂಡಿರುತ್ತವೆ, ನಡುವಿನ ಪಟ್ಟಿ ಮಾತ್ರ ಬಿಳಿಚಿಕೊಂಡಿರುತ್ತದೆ. ದುಂಡು ಕೋಲು ರಭಸದಿಂದ ಬಿದ್ದಾಗ ಅದರಡಿಯ ರಕ್ತ ಎರಡೂ ಬದಿಗೆ ಸರಿದು, ಅಂಚಿನಲ್ಲಿ ಚರ್ಮ ಹಿಗ್ಗಿ ಸಣ್ಣ ರಕ್ತನಾಳಗಳು ಒಡೆಯುವುದೇ ಇದಕ್ಕೆ ಕಾರಣ. ಮರ, ಪಾಲಿಕಾರ್ಬೊನೇಟ್, ಉಕ್ಕು, ಯಾವುದರ ಲಾಠಿಯಾದರೂ ಇದೇ ಗುರುತು ಬೀಳಬಹುದಾದ್ದರಿಂದ, ಏಟು ಎಲ್ಲಿ ಬಿದ್ದಿದೆ, ಎಷ್ಟು ಸಲ ಬಿದ್ದಿದೆ ಎಂಬುದೇ ನನಗೆ ಮುಖ್ಯ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಹಿಂಸೆಯಲ್ಲಿ ತೊಡಗದ, ಹಿಂಸೆಯ ಬೆದರಿಕೆಯನ್ನೂ ಒಡ್ಡದ ವ್ಯಕ್ತಿಯ ಮೇಲೆ ಲಾಠಿ ಬಳಸಬಾರದು. ಬಳಸಲೇಬೇಕಾದಾಗ ಕೈಕಾಲುಗಳಿಗೆ ಗುರಿಯಿಡಬೇಕು, ತಲೆ, ಕುತ್ತಿಗೆ, ಬೆನ್ನುಹುರಿ, ಮೂತ್ರಪಿಂಡದ ಭಾಗ ಮತ್ತು ಹೊಟ್ಟೆಯನ್ನು ತಪ್ಪಿಸಬೇಕು. ನಾನು ಗಾಯಗಳನ್ನು ಈ ಅಳತೆಗೋಲಿಟ್ಟೇ ನೋಡುತ್ತೇನೆ. ಮುಂಗೈಯ ಕಿರುಬೆರಳಿನ ಬದಿಯ ಮೂಳೆಯೊಂದೇ ಮುರಿದಿದ್ದರೆ, ಅದು ತಲೆ ಕಾಪಾಡಿಕೊಳ್ಳಲು ಕೈ ಎತ್ತಿದಾಗ ಬಿದ್ದ ಏಟಿರಬಹುದೇ ಎಂದು ಕೇಳಲೇಬೇಕು. ಪೊಲೀಸರ ಕೋಲಿನ ಹಳೆಯ ಇಂಗ್ಲಿಷ್ ಹೆಸರಿನಿಂದಲೇ ವೈದ್ಯರು ಇದನ್ನು ನೈಟ್‌ಸ್ಟಿಕ್ ಮುರಿತ ಎನ್ನುತ್ತಾರೆ. ಕೈಗೆ ಬಿದ್ದಿದೆಯೆಂದ ಮಾತ್ರಕ್ಕೆ ಗುರಿಯೂ ಕೈಯೇ ಆಗಿತ್ತು ಎಂದು ಬರೆದುಬಿಡುವುದು ದೊಡ್ಡ ತಪ್ಪು. ಅಂಗಾಲಿನಲ್ಲಿ ಮೂಗೇಟುಗಳಿದ್ದರಂತೂ ಗುಂಪು ಚದುರಿಸುವಾಗ ಆದ ಗಾಯವೆಂಬ ವಿವರಣೆಯನ್ನು ನಾನು ಒಪ್ಪಲಾರೆ, ಏಕೆಂದರೆ ನಿಂತವನ ಅಂಗಾಲಿಗೆ ಕೋಲು ತಲುಪುವುದಿಲ್ಲ.

ತೊಡೆ, ಪೃಷ್ಠಗಳಂಥ ಮಾಂಸಲ ಭಾಗಕ್ಕೆ ಹೊಡೆದರೆ ಅಪಾಯವಿಲ್ಲ ಎಂಬ ನಂಬಿಕೆ ನನ್ನನ್ನು ಹೆಚ್ಚು ಕಾಡುತ್ತದೆ. ಒಂದೆರಡು ಏಟಿಗೆ ಅಲ್ಲಿ ಮೂಳೆ ಮುರಿಯುವುದು ಅಪರೂಪ, ನಿಜ. ಆದರೆ ಏಟುಗಳು ಒಂದರ ಮೇಲೊಂದು ಬಿದ್ದಾಗ ಸ್ನಾಯು ಜಜ್ಜಿಹೋಗಿ, ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಹೊರಗೆ ಬರೀ ಊತ ಕಾಣುತ್ತಿದ್ದರೂ ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದ್ದರೆ ಅದು ತುರ್ತುಸ್ಥಿತಿ. ಆದಕಾರಣ ಪೆಟ್ಟು ತಿಂದವರನ್ನು ಪರೀಕ್ಷಿಸುವ ವೈದ್ಯರು ಮೂತ್ರದ ಬಣ್ಣವನ್ನು ತಪ್ಪದೆ ವಿಚಾರಿಸಬೇಕು.

ಆಳದ ಮೂಗೇಟು ಮೊದಲ ದಿನ ಕಾಣದೆಯೂ ಇರಬಹುದು. ಕಪ್ಪು ಚರ್ಮದಲ್ಲಿ ಅದನ್ನು ಗುರುತಿಸುವುದು ಇನ್ನೂ ಕಷ್ಟ. ಹಾಗಾಗಿ ಮೊದಲ ಪರೀಕ್ಷೆಯಲ್ಲಿ ಗಾಯವಿಲ್ಲವೆಂದು ಷರಾ ಬರೆದು ಕಡತ ಮುಚ್ಚದೆ, ಒಂದೆರಡು ದಿನ ಬಿಟ್ಟು ಮತ್ತೆ ಕರೆಸಿ, ಗಾಯದ ಪಕ್ಕ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆಯಬೇಕು.